ನೋನಿ ಹ್ಯಾಕೆಟಳ ಗಡಿಕಿಟಕಿ

"ಒಳಗೋ? ಹೊರಗೋ?"

ಇಪ್ಪತ್ತೆರಡು ವರ್ಷಗಳ ಹಿಂದೆ ನಾನು ಮೊದಲ ಸಲ ನೋನಿ ಹ್ಯಾಕೆಟಳ ಪಾರ್ಲರಿನ ಬಾಗಿಲು ತಳ್ಳಿ, ಹೊಸ್ತಿಲ ಮೇಲೆ ಅರೆಗಳಿಗೆ ಅನುಮಾನಿಸಿದಾಗ ಅವಳು ಕೇಳಿದ ಪ್ರಶ್ನೆ ಇದು. ಯಾರದೋ ತಲೆಗೆ ರೋಲರ್ ಸುತ್ತುತ್ತಿದ್ದಳು. ಕತ್ತೆತ್ತಿ ಸಹ ನೋಡಲಿಲ್ಲ. "ಒಳಗಾದ್ರೆ ಬಾ, ಹೊರಗಾದ್ರೆ ಹೋಗು. ನಡುವೆ ನಿಂತು ಬಿಸಿಯೆಲ್ಲ ಬೀದಿಗೆ ಬಿಡಬೇಡ."

ಎಂಥ ಬಾಯಿ ಈ ಹೆಂಗಸಿನದು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಬರೀ ಬಾಯಲ್ಲ, ಅವಳ ವಂಶದ ಉದ್ಯೋಗ. ಹ್ಯಾಕೆಟರ ಹೆಂಗಸರು ಐದು ತಲೆಮಾರಿನಿಂದ ಈ ಪ್ರಶ್ನೆ ಕೇಳುತ್ತ ಬಂದವರು.

ಕ್ಲೋನ್‌ಗಾರ ಪಟ್ಟಣ ಮುಗಿಯುವಲ್ಲಿ, ತೊರೆಗೆ ನೂರು ಹೆಜ್ಜೆ ಮೊದಲು, ಒಂಟಿಯಾಗಿ ನಿಂತ ಮನೆ ಅವಳದು. ಪಟ್ಟಣ ಟಿಪರರಿ ಕೌಂಟಿಗೆ, ನಮ್ಮ ಲೆಕ್ಕದ ಜಿಲ್ಲೆಗೆ, ಸೇರಿದ್ದು. ತೊರೆಯಾಚೆ ನಾವಿರುವ ಗ್ಲೆನ್‌ಬೋವರ್ ಬಡಾವಣೆ, ನಾನೂರು ಮನೆ, ಕಿಲ್ಕೆನಿ ಕೌಂಟಿಗೆ ಸೇರಿದ್ದು. ನಮ್ಮ ಮಕ್ಕಳ ಶಾಲೆ, ಚರ್ಚು, ಔಷಧಿ ಅಂಗಡಿ, ಕೊನೆಗೆ ಹೂಳುವ ಜಾಗ ಎಲ್ಲ ಟಿಪರರಿ. ಕಸದ ಲಾರಿ, ಬೀದಿದೀಪ, ಓಟು ಎಲ್ಲ ಕಿಲ್ಕೆನಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಟಿಪರರಿಯ ಲಾರಿ ಸರಿಯಾಗಿ ಸೇತುವೆಯ ನಡುವೆ ಉಪ್ಪು ನಿಲ್ಲಿಸುತ್ತದೆ. ಅಲ್ಲಿ ತಿರುಗಲು ಜಾಗವಿಲ್ಲ. ಹಾಗಾಗಿ ಬರಿಗೈಯಲ್ಲಿ ನಮ್ಮ ಬಡಾವಣೆಯೊಳಗೆ ಬಂದು, ಒಂದು ಸುತ್ತು ಹಾಕಿ, ವಾಪಸ್ಸು ಸೇತುವೆಯ ನಡುವೆ ಮುಟ್ಟಿದ ಮೇಲೆ ಮತ್ತೆ ಉಪ್ಪು ಬಿಡುತ್ತದೆ. ನಾವು ಜಾರುವ ಅಂಗಳದಲ್ಲಿ ನಿಂತು ಡ್ರೈವರನಿಗೆ ಕೈ ಬೀಸುತ್ತೇವೆ. ಅವನೂ ಬೀಸುತ್ತಾನೆ. ಒಳ್ಳೆಯ ಮನುಷ್ಯ.

ಈ ಎರಡು ಕೌಂಟಿಗಳ ನಡುವಿನ ಗಡಿ ನೋನಿಯ ಮನೆಯೊಳಗಿಂದಲೇ ಹಾದುಹೋಗುತ್ತದೆ. ಮನೆಯೊಳಗೆ ಎಲ್ಲಿಂದ ಅನ್ನುವುದು ಮಾತ್ರ ಸರ್ಕಾರಕ್ಕೂ ಸರಿಯಾಗಿ ಗೊತ್ತಿರಲಿಲ್ಲ. ನಕ್ಷೆಯಲ್ಲಿ ಗೆರೆಯ ದಪ್ಪವೇ ಅವಳ ಮನೆಯಷ್ಟಿತ್ತು. ಹಿಂದಿನ ಅಡುಗೆಮನೆಯ ಪಕ್ಕದ ಗೋಡೆಯಲ್ಲಿರುವ ಕಿಟಕಿಯೇ ಗಡಿಯೆಂದು ಹ್ಯಾಕೆಟರು ನಂಬಿದ್ದರು. ಅದರಿಂದ ಬೀದಿಯ ಕಡೆಗಿನದೆಲ್ಲ, ಅಂದರೆ ಪಾರ್ಲರ್ ಇರುವ ಮುಂದಿನ ಕೋಣೆಯೂ, ಟಿಪರರಿ. ಹಿಂದಿನ ಮಲಗುವ ಕೋಣೆ ಕಿಲ್ಕೆನಿ. ಇಲ್ಲಿಯವರು ಹೊಲದ ಗಡಿಗೆ 'ಮೇರಿಂಗ್' ಅನ್ನುತ್ತಾರೆ. ನೋನಿಯ ಬಾಯಲ್ಲಿ ಮೊದಲ ಸಲ ಅದನ್ನು ಕೇಳಿದಾಗ ನನಗೆ ಕಿವಿ ನಿಮಿರಿತು. ನಮ್ಮಲ್ಲೂ ಅದು ಮೇರೆಯೇ ಅಂದೆ. "ಹಾಗಾದ್ರೆ ನಿಮ್ಮೂರಿನವರೂ ಬುದ್ಧಿವಂತರೇ" ಅಂದಳು. ವಾರಿಜ ಅನ್ನುವ ನನ್ನ ಹೆಸರು ಅವಳ ಬಾಯಲ್ಲಿ ಅಂದಿನಿಂದ ವರಿ. ಮೇರೆ ಮೀರುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಅವಳು ಹುಟ್ಟಿದ ಕತೆ ಇಡೀ ಊರಿಗೆ ಬಾಯಿಪಾಠ. ಅರವತ್ತು ವರ್ಷದ ಹಿಂದೆ ಅವಳ ತಾಯಿಗೆ ನೋವು ಶುರುವಾದದ್ದು ಹಿಂದಿನ ಕೋಣೆಯಲ್ಲಿ. ಸೂಲಗಿತ್ತಿ ನೀರು ಕಾಯಿಸುತ್ತಿದ್ದಾಗ ಅಪ್ಪ ಮಾಸಿ ಹ್ಯಾಕೆಟನಿಗೆ ಗಡಿಯ ನೆನಪಾಯಿತು. ಕಿಲ್ಕೆನಿಯವರನ್ನು ಇಡೀ ದೇಶ 'ಬೆಕ್ಕುಗಳು' ಅನ್ನುತ್ತದೆ. ಹರ್ಲಿಂಗ್ ಎಂಬ ಕೋಲು-ಚೆಂಡಿನ ಆಟದಲ್ಲಿ ಟಿಪರರಿಯವರಿಗೆ ಮಣ್ಣು ಮುಕ್ಕಿಸಿದವರು ಅವರೇ. ತನ್ನ ಮನೆಯಲ್ಲಿ ಬೆಕ್ಕು ಹುಟ್ಟುವುದೇ? ಹೆಂಡತಿ ಮಲಗಿದ್ದ ಕಬ್ಬಿಣದ ಮಂಚವನ್ನು, ಹೆಂಡತಿಯ ಸಮೇತ, ಒಬ್ಬನೇ ಅಡುಗೆಮನೆ ದಾಟಿಸಿ ಮುಂದಿನ ಕೋಣೆಯ ಒಲೆಯ ಪಕ್ಕಕ್ಕೆ ಎಳೆದು ತಂದ. ಅಲ್ಲಿ ನೋನಿ ಹುಟ್ಟಿದಳು. ಮಾಸಿಯ ಸೊಂಟ ಅವತ್ತು ಹಿಡಿದದ್ದು ಸಾಯುವ ತನಕ ಬಿಡಲಿಲ್ಲ. "ನನ್ನ ಮಗಳಿಗೋಸ್ಕರ ಸೊಂಟ ಕೊಟ್ಟೆ" ಅನ್ನುತ್ತಿದ್ದನಂತೆ, ಪದಕ ತೋರಿಸಿದ ಹಾಗೆ ಸೊಂಟ ತೋರಿಸಿ.

ಅಷ್ಟು ಕಷ್ಟಪಟ್ಟು ಟಿಪರರಿಯಲ್ಲಿ ಹುಟ್ಟಿದ ಮೇಲೆ ನೋನಿ ಸುಮ್ಮನಿರುತ್ತಾಳೆಯೇ? ಪಾರ್ಲರಿನ ಟವೆಲ್ಲುಗಳೆಲ್ಲ ಟಿಪರರಿಯ ನೀಲಿ, ಹಳದಿ. ಗ್ಲೆನ್‌ಬೋವರಿನ ನಾವು ಹೋದರೆ ತಲೆ ತೊಳೆಯುವ ಮೊದಲು "ಮಿಯಾಂವ್ ಅನ್ನು" ಅನ್ನುತ್ತಿದ್ದಳು. ಎಂಬತ್ತು ದಾಟಿದ ಮಿಸೆಸ್ ಟೂಮಿ ಸಹ ಪ್ರತಿ ಶುಕ್ರವಾರ ಕುರ್ಚಿಯಲ್ಲಿ ಕೂತು ಗಂಭೀರವಾಗಿ ಮಿಯಾಂವ್ ಅನ್ನುತ್ತಿದ್ದರು.

ಇನ್ನೊಂದು ಮಾತಿದೆ, ನೋನಿಯ ಮುಂದೆ ಯಾರೂ ಎತ್ತದ ಮಾತು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವಳನ್ನು ಫಿಂಟನ್ ವಾಲ್ ಎಂಬ ರೈತ ಮದುವೆಯಾಗುತ್ತೇನೆಂದು ಕೇಳಿದ್ದ. ತೊರೆಯಾಚೆಯವನು. ನೋಡಲು ಚೆನ್ನಾಗಿದ್ದ, ನಗಿಸುತ್ತಿದ್ದ, ಎಲ್ಲ ಸರಿಯೇ. ಆದರೆ ಬೆಕ್ಕು. "ನನ್ನ ಮಕ್ಕಳು ಕಿಲ್ಕೆನಿಯ ಪಟ್ಟೆಪಟ್ಟೆ ಅಂಗಿ ಹಾಕ್ಕೊಂಡು ಓಡಾಡ್ಲಿ ಅಂತ ನಮ್ಮಪ್ಪ ಮಂಚ ಎಳೀಲಿಲ್ಲ" ಅಂದುಬಿಟ್ಟಳಂತೆ. ಆ ಸಲದ ಗಡಿ ನಡಿಗೆಯಲ್ಲಿ ಅವನ ತಲೆಯ ಮೇಲೆ ಲೋಟ ನೀರಿನ ಬದಲು ಒಂದು ಬಕೆಟ್ಟು ನೀರು ಸುರಿದಳಂತೆ. ಅವನು ಬೇರೆ ಮದುವೆಯಾದ, ಹೆಂಡತಿ ತೀರಿಕೊಂಡಳು, ಮಕ್ಕಳು ದೊಡ್ಡವರಾದರು. ನೋನಿ ಮದುವೆಯಾಗಲಿಲ್ಲ.

ಗಡಿ ನಡಿಗೆಯೆಂದರೆ ಇದು: ಮೂರು ವರ್ಷಕ್ಕೊಮ್ಮೆ, ಜೂನಿನ ಮೊದಲ ಸೋಮವಾರ, ಪುರಸಭೆಯವರು ಪಟ್ಟಣದ ಮೇರೆಯುದ್ದಕ್ಕೂ ನಡೆಯುತ್ತಿದ್ದರು. ಬೇಲಿ ಬಂದರೆ ಬೇಲಿ ಹಾರಬೇಕು, ಕೊಳವಾದರೆ ಕೊಳ. ಸುತ್ತಿ ಹೋಗುವಂತಿಲ್ಲ. ಹ್ಯಾಕೆಟರ ಮನೆ ಬಂದಾಗ ಕಿಟಕಿ ಹತ್ತಿ ಒಳಗಿಳಿದು, ಆಚೆ ಬಾಗಿಲಿನಿಂದ ಹೊರಬಿದ್ದು, ತೊರೆಯ ಬದಿಯ ಕಾಲುದಾರಿ ಹಿಡಿಯಬೇಕು. ಕಿಟಕಿಯ ಕಟ್ಟೆಯ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಹಾಕಿ ಕೂತವರನ್ನು ಮನೆಯ ಹೆಂಗಸು ಕೇಳುತ್ತಾಳೆ: ಒಳಗೋ, ಹೊರಗೋ? ಒಳಗೆ ಅಂದರೆ ಪಟ್ಟಣದವರು, ಒಂದು ಗುಟುಕು ವಿಸ್ಕಿ, ಒಣದ್ರಾಕ್ಷಿ ಹಾಕಿದ ಬ್ರ್ಯಾಕ್ ಬ್ರೆಡ್ಡಿನ ಒಂದು ಹೋಳು. ಹೊರಗೆ ಅಂದರೆ ತಲೆಯ ಮೇಲೆ ಒಂದು ಲೋಟ ತಣ್ಣೀರು. ಸುಳ್ಳು ಹೇಳುವಂತಿಲ್ಲ. ನಾನು ಎರಡು ಸಲ ನೀರು ಹುಯ್ಯಿಸಿಕೊಂಡಿದ್ದೇನೆ. ಆಮೇಲೆ ನೋನಿಯೇ ಕದ್ದು ಬ್ರ್ಯಾಕ್ ತಿನ್ನಿಸಿದ್ದಾಳೆ. ಇಷ್ಟೆಲ್ಲ ಕಂಡ ನೋನಿ ಮಾತ್ರ ಒಮ್ಮೆಯೂ ಗಡಿ ನಡೆದವಳಲ್ಲ. ಕಿಟಕಿ ಕಾಯುವವಳು ಕಿಟಕಿ ಬಿಡುವಂತಿಲ್ಲ.

ಹನ್ನೊಂದು ವರ್ಷದ ಹಿಂದೆ ಸರ್ಕಾರ ದೇಶದ ಸಣ್ಣ ಪುರಸಭೆಗಳನ್ನೆಲ್ಲ ರದ್ದು ಮಾಡಿತು. ಪುರಸಭೆಯೇ ಇಲ್ಲವಾದ ಮೇಲೆ ಯಾವ ಮೇರೆ, ಎಲ್ಲಿಯ ನಡಿಗೆ? ಕೊನೆಯ ಅಧ್ಯಕ್ಷ ಜಾರ್ಲತ್ ಕ್ವಿರ್ಕ್ ತನ್ನ ಮಾಂಸದಂಗಡಿಗೆ ಮರಳಿದ. ಅಧ್ಯಕ್ಷರ ಕೊರಳ ಸರವನ್ನೂ ಗಡಿಯ ಹಳೆಯ ಪುಸ್ತಕವನ್ನೂ ಯಾರೂ ವಾಪಸು ಕೇಳಲಿಲ್ಲ, ಅವನೂ ಕೊಡಲಿಲ್ಲ. ನೋನಿಯೂ ಇನ್ನು ಯಾರು ಬರುತ್ತಾರೆ ಎಂದು, ಮನೆ ಬೆಚ್ಚಗಿಡುವ ಸರ್ಕಾರದ ಯೋಜನೆಯಲ್ಲಿ ಅಡುಗೆಮನೆಯ ಹಳೆಯ ಕಿಟಕಿ ತೆಗೆಸಿ ಹೊಸದು ಹಾಕಿಸಿದಳು. ಮೂರು ಪದರದ ಗಾಜು, ಮೇಲೆ ಅಂಗೈಯಗಲ ಮಾತ್ರ ತೆರೆಯುವಂಥದು. ಬೆಕ್ಕೂ ನುಸುಳಲಾರದು ಎಂದು ಖುಷಿಪಟ್ಟಳು.

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ. ಈ ವರ್ಷದ ಫೆಬ್ರವರಿಯಲ್ಲಿ ತೊರೆಯ ಬದಿಯ ಕಾಲುದಾರಿಗೆ ಒಂದು ಗೇಟು ಬಂತು, ಗೇಟಿಗೆ ಬೀಗ ಬಂತು. ಆ ಹೊಲ ಕೊಂಡವನು ಬೇರಾರೂ ಅಲ್ಲ, ಫಿಂಟನ್ ವಾಲ್. ಯಾರದೋ ನಾಯಿ ಅವನ ಕುದುರೆಯನ್ನು ಬೆದರಿಸಿತ್ತು, ವಿಮೆಯವನು ಅವನನ್ನು ಬೆದರಿಸಿದ್ದ. ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ಹೊಲ ಮಾರಿ ಪರಿಹಾರ ಕೊಡಬೇಕಾದೀತು ಅಂದಿದ್ದ. ಗ್ಲೆನ್‌ಬೋವರಿನಿಂದ ಪಟ್ಟಣಕ್ಕೆ ಆ ದಾರಿಯಲ್ಲಿ ಎಂಟು ನಿಮಿಷ. ಅದಿಲ್ಲದಿದ್ದರೆ ಹೆದ್ದಾರಿಯ ಅಂಚಿನಲ್ಲಿ ಅರ್ಧ ಗಂಟೆ, ಪಾದಚಾರಿ ದಾರಿಯಿಲ್ಲ, ಪಕ್ಕದಲ್ಲೇ ಲಾರಿಗಳು. ವೃದ್ಧಾಶ್ರಮದ ಕೆಲಸಕ್ಕೆ ನಡೆದುಹೋಗುವ ನನ್ನನ್ನು ಒಂದು ಲಾರಿಯ ಗಾಳಿಯೇ ಎತ್ತಿ ಮುಳ್ಳುಬೇಲಿಗೆ ಒಗೆದಿತ್ತು. ಶಾಲೆಗೆ ನಡೆದು ಹೋಗುತ್ತಿದ್ದ ಮಕ್ಕಳೆಲ್ಲ ಕಾರಿನೊಳಗೆ ಸೇರಿದರು, ಕಾರಿಲ್ಲದವರು ತಡವಾಗಿ ಹೋಗಿ ಬೈಸಿಕೊಂಡರು. ಮಿಸೆಸ್ ಟೂಮಿಯ ಶುಕ್ರವಾರ ನಿಂತುಹೋಯಿತು. ಎರಡೂ ಕೌಂಟಿಗಳಿಗೆ ಅರ್ಜಿ ಬರೆದೆವು. ಅದು ಅವರಿಗೆ ಸೇರಿದ್ದು ಅಂತ ಇವರು, ಇವರಿಗೆ ಸೇರಿದ್ದು ಅಂತ ಅವರು. ಎರಡೂ ಪತ್ರ ಒಂದೇ ದಿನ ಬಂದವು.

ಏಪ್ರಿಲಿನಲ್ಲಿ ಶಾಲೆಯ ಸಭಾಂಗಣದಲ್ಲಿ ಊರು ಸೇರಿತು. ಜಾರ್ಲತ್ ಕೊರಳಿಗೆ ಸರ ಹಾಕಿಕೊಂಡು, ಗಡಿಯ ಪುಸ್ತಕ ತೆಗೆದು ಓದಿದ: 'ಹ್ಯಾಕೆಟರ ಕಿಟಕಿಯ ಕೆಳಗಿನ ಕಲ್ಲಿನಿಂದ ಹಿಡಿದು, ತೊರೆಯ ಬದಿಯ ಸಾರ್ವಜನಿಕ ಹಾದಿಯಲ್ಲಿ...'

ಫಿಂಟನ್ ಹಿಂದಿನ ಸಾಲಿನಲ್ಲಿ ಎದ್ದು ನಿಂತ. "ಸಾರ್ವಜನಿಕ ಅಂತ ಬರೆದಿದ್ರೆ ನಾನು ಅಡ್ಡ ಬರೋನಲ್ಲ. ಆದ್ರೆ ಅದು ಇದೇ ದಾರಿ ಅಂತ ಹೇಗೆ ಹೇಳ್ತೀರಿ? ಕಲ್ಲಿಂದ ಶುರು ಅಂತಿದೆ. ಕಲ್ಲೆಲ್ಲಿ?"

"ನನ್ನ ಅಡುಗೆಮನೆ ಕಿಟಕಿ ಕೆಳಗೆ!" ನೋನಿ ಕೂತಲ್ಲಿಂದಲೇ ಕೂಗಿದಳು. "ಅದರ ಕಟ್ಟೆಯೇ ಕಲ್ಲು. ನಿನ್ನ ತಲೆ ಮೇಲೆ ನೀರು ಹುಯ್ದ ಕಟ್ಟೆ, ಮರೆತ್ಯಾ?"

"ಮರೆಯೋದುಂಟಾ? ಇವತ್ತಿಗೂ ಕಿವಿಯಲ್ಲಿ ನೀರಿದೆ," ಅಂದ ಫಿಂಟನ್. ಸಭೆ ನಕ್ಕಿತು. "ಆದ್ರೆ ನೋನಿ, ಆ ಕಟ್ಟೆ ತೆಗೆದು ಎಸೆದಾಗ ಟ್ರ್ಯಾಕ್ಟರಿನಲ್ಲಿ ಸಾಗಿಸಿದವನು ನಾನೇ. ಅದು ಸಿಮೆಂಟಿನದು ಕಣೇ. ಈಗಿರೋದು ಪ್ಲಾಸ್ಟಿಕ್ಕು. ಕಲ್ಲು ತೋರಿಸು, ಅವತ್ತೇ ಬೀಗದ ಕೈ ನಿನ್ನ ಕೈಯಲ್ಲಿಡ್ತೀನಿ. ಎಲ್ಲರ ಮುಂದೆ ಹೇಳ್ತಿದೀನಿ."

ನೋನಿಯ ಮುಖ ಕೆಂಪಗಾಯಿತು. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು ಅಂದಳು, "ಈ ಜೂನಿನಲ್ಲಿ ಗಡಿ ನಡಿಗೆ ನಡೆದೇ ನಡೆಯುತ್ತೆ ವರಿ. ಪುರಸಭೆ ಇದ್ರೆಷ್ಟು ಬಿಟ್ರೆಷ್ಟು? ಈ ದಾರಿ ಹೋಯ್ತು ಅಂದ್ರೆ ನಿಮ್ಮ ಕಡೆಯವರಿಗೆ ಊರೇ ಇಲ್ಲ. ಬೈಯೋದಕ್ಕೆ ನಂಗೆ ಯಾರಿರ್ತಾರೆ?"

ಜೂನಿನ ಆ ಸೋಮವಾರ ಬಂದೇ ಬಂತು. ನಡಿಗೆ ಹತ್ತಕ್ಕೆ ಮಾರುಕಟ್ಟೆಯಿಂದ ಹೊರಟು ಹನ್ನೊಂದರ ಹೊತ್ತಿಗೆ ನೋನಿಯ ಮನೆಗೆ ಬರಬೇಕು. ಬ್ರ್ಯಾಕ್ ಹೋಳು ಮಾಡಿಕೊಡಲು ನಾನು ಒಂಬತ್ತಕ್ಕೇ ಹೋದೆ, ಹೆದ್ದಾರಿಯ ಅಂಚು ಹಿಡಿದು, ದೇವರ ಹೆಸರು ಹೇಳುತ್ತ. ನೋನಿ ಅಡುಗೆಮನೆಯ ಹೊಸ ಕಿಟಕಿಯ ಮುಂದೆ ದೊಡ್ಡ ಸುತ್ತಿಗೆ ಹಿಡಿದು ನಿಂತಿದ್ದಳು. ತಲೆಗೂದಲು ಮಾತ್ರ ಅಚ್ಚುಕಟ್ಟು, ಹಿಂದಿನ ಸಂಜೆಯೇ ಸೆಟ್ ಮಾಡಿಕೊಂಡದ್ದು, ಒಂದು ಎಳೆಯೂ ಅಲುಗದು.

"ಒಡೆದುಬಿಡ್ಲಾ?" ಅಂದಳು.

"ಹುಚ್ಚೇನೇ ನಿಂಗೆ? ಮೂರು ಪದರ ಗಾಜು. ಜನ ಹತ್ತಿ ಬರೋವಾಗ ಕೈಕಾಲು ಕೊಯ್ದುಕೊಂಡ್ರೆ ಫಿಂಟನ್ನನ ವಿಮೆಯವನು ಹೇಳಿದ್ದೇ ನಿಜ ಆಗುತ್ತೆ."

ಅವಳು ಸುತ್ತಿಗೆ ಇಳಿಸಿದಳು. ಆಮೇಲೆ ಒಮ್ಮೆಲೇ ಮುಂದಿನ ಕೋಣೆಗೆ ಓಡಿದಳು. "ವರಿ! ಕನ್ನಡಿ! ನಮ್ಮಮ್ಮ ಹೇಳ್ತಿದ್ಲು, ಕನ್ನಡಿ ಹಿಂದೆ ಮೊದಲೊಂದು ಕಿಟಕಿ ಇತ್ತು ಅಂತ. ಅದೇ ಪಕ್ಕದ ಗೋಡೆ ಅಲ್ವಾ? ಅಜ್ಜನ ಕಾಲದಲ್ಲಿ ಗಾಳಿ ನುಗ್ಗುತ್ತೆ ಅಂತ ಮುಚ್ಚಿದ್ರಂತೆ. ಬಾ, ಹಿಡಿ, ಹಿಡಿ!"

ಬೀದಿಯ ಕಡೆಯ ಮೂಲೆಗೆ ಹತ್ತಿರವಾಗಿ, ಪಕ್ಕದ ಗೋಡೆಯ ಮೇಲೆ ಆಳೆತ್ತರದ ಕನ್ನಡಿ ತೂಗಿತ್ತು. ನಲವತ್ತು ವರ್ಷ ಅದರಲ್ಲಿ ಊರಿನ ಅರ್ಧ ಹೆಂಗಸರು ತಮ್ಮ ಮುಖ ನೋಡಿಕೊಂಡಿದ್ದರು. ಇಬ್ಬರೂ ಏದುಸಿರು ಬಿಡುತ್ತ ಇಳಿಸಿ ನೆಲಕ್ಕಿಟ್ಟೆವು. ನೋನಿ ಬೆರಳ ಗಿಣ್ಣಿನಿಂದ ಗೋಡೆ ತಟ್ಟಿದಳು. ಟೊಳ್ಳು! ಅವಳು ಸುತ್ತಿಗೆ ಎತ್ತಿ ಬೀಸಿದಳು. ಗಾರೆ ಉದುರಿತು, ಒಂದೇ ಸಾಲಿನ ಇಟ್ಟಿಗೆ ಅಲುಗಿತು, ಇನ್ನೊಂದು ಏಟಿಗೆ ಮುಷ್ಟಿಯಷ್ಟು ಬೆಳಕು ಒಳಗೆ ಬಂತು. "ಹೋ!" ಅಂತ ಇಬ್ಬರೂ ಕಿರುಚಿದೆವು. ಇಟ್ಟಿಗೆ ಕೀಳುವುದು, ಎಸೆಯುವುದು, ಕೆಮ್ಮುವುದು, ನಗುವುದು. ಅರವತ್ತರ ಹೆಂಗಸರು ಇಬ್ಬರು ಹುಡುಗಾಟಕ್ಕೆ ಬಿದ್ದರೆ ಹಿಡಿಯುವವರು ಯಾರು?

ಕಿಟಕಿಯ ಕೆಳಗಿನ ಗಾರೆ ಒಂದು ದೊಡ್ಡ ಹಪ್ಪಳದಂತೆ ಕಳಚಿ ಬಿತ್ತು. ಅದರ ಹಿಂದೆ ಕಲ್ಲು. ಬೂದು ಬಣ್ಣದ, ನನ್ನ ಸೊಂಟದೆತ್ತರದ, ನೆಟ್ಟಗೆ ನಿಂತ ಕಲ್ಲು. ನಡುವೆ ಮೇಲಿಂದ ಕೆಳಗೆ ಕೆತ್ತಿದ ಒಂದು ಗೆರೆ. ಗೆರೆಯ ಬೀದಿ ಕಡೆಗೆ ಟಿಪರರಿಯ ಅಕ್ಷರ, ಮನೆಯ ಕಡೆಗೆ ಕಿಲ್ಕೆನಿಯ ಅಕ್ಷರ.

"ಸಿಕ್ತು! ನೋನಿ, ಸಿಕ್ತು ಕಣೇ! ದಾರಿ ನಮ್ದು!" ನಾನು ಕುಣಿದೇಬಿಟ್ಟೆ.

ನೋನಿ ಕುಣಿಯಲಿಲ್ಲ. ಕಲ್ಲಿನ ಗೆರೆಯಿಂದ ನೇರಕ್ಕೆ ಆಚೆ ಬಾಗಿಲಿನ ತನಕ ಕಣ್ಣಲ್ಲೇ ಒಂದು ಗೆರೆ ಎಳೆದಳು. ಆ ಗೆರೆಯಿಂದ ಬೀದಿಯ ಕಡೆಗೆ ಉಳಿದದ್ದು ಗಿರಾಕಿಗಳು ಕಾಯುವ ಬೆಂಚು ಮಾತ್ರ. ಕುರ್ಚಿ, ಡ್ರೈಯರ್, ತಲೆ ತೊಳೆಯುವ ಬೇಸಿನ್ನು, ಒಲೆ ಎಲ್ಲ ಈಚೆಗೆ. ಗೆರೆಯಿದ್ದಲ್ಲಿ ಮೊಣಕೈಯೂರಿ, ಒಲೆಯ ಪಕ್ಕದ ತನಕ, ಅಮ್ಮ ಯಾವಾಗಲೂ ತೋರಿಸುತ್ತಿದ್ದ ಮಂಚದ ಜಾಗದ ತನಕ, ಮೊಳ ಹಾಕಿ ಅಳೆದಳು. ಒಂದು. ಎರಡು.

"ಎರಡು ಮೊಳ ವರಿ," ಅಂದಳು. "ನಮ್ಮಪ್ಪ ಇನ್ನೆರಡು ಮೊಳ ಎಳೀಬೇಕಿತ್ತು."

ಆಗ ನನಗೆ ಅರ್ಥವಾಯಿತು. ಅಜ್ಜ ಕಿಟಕಿ ಮುಚ್ಚಿ, ನಡಿಗೆಯನ್ನು ಅಡುಗೆಮನೆಯ ಕಿಟಕಿಗೆ ತಿರುಗಿಸಿದ್ದ. ಅದರೊಂದಿಗೆ ಗಡಿಯೂ ಅಲ್ಲಿಗೇ ಹೋಯಿತೆಂದು ಮೂರು ತಲೆಮಾರು ನಂಬಿತ್ತು. ಮಾಸಿ ಹ್ಯಾಕೆಟ್ ಸೊಂಟ ಮುರಿದುಕೊಂಡು ಮಂಚವನ್ನು ಕಿಲ್ಕೆನಿಯಿಂದ ಕಿಲ್ಕೆನಿಗೇ ಎಳೆದಿದ್ದ. ನನಗೆ ನಗು ಒತ್ತರಿಸಿ ಬಂತು. ನೋನಿಯ ಮುಖ ನೋಡಿ ನುಂಗಿಕೊಂಡೆ.

ಅವಳು ಪಾರ್ಲರಿನ ಕುರ್ಚಿಯಲ್ಲಿ ಕೂತುಬಿಟ್ಟಳು. "ಮೂವತ್ತೈದು ವರ್ಷದ ಹಿಂದೆ ಅವನಿಗೆ ಏನಂದೆ ಗೊತ್ತಾ ನಿಂಗೆ?"

"ಊರಿಗೆಲ್ಲ ಗೊತ್ತು."

"ಅವನ ಮುಂದೆ ಈ ಕಲ್ಲು ತೋರಿಸ್ಬೇಕು. ಊರೆಲ್ಲ ನೋಡ್ಬೇಕು. ನೋನಿ ಹ್ಯಾಕೆಟ್ ಬೆಕ್ಕು ಅಂತ ನನ್ನ ಸಮಾಧಿ ಮೇಲೂ ಮಿಯಾಂವ್ ಅಂತಾರೆ." ಗೋಡೆಯ ಕಡೆ ಕೈ ತೋರಿಸಿದಳು. "ಕನ್ನಡಿ ತೂಗುಹಾಕೋಣ ವರಿ. ನಿಂಗೂ ನಂಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಗಾರೆ ನಾಳೆ ಮೆತ್ತಿಸ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಲಾರಿಯ ಗಾಳಿಗೆ ಬಿದ್ದ ಮುಳ್ಳಿನ ಗೀರು ಇನ್ನೂ ನನ್ನ ಮೊಣಕೈಯಲ್ಲಿತ್ತು. ಆದರೂ ನಾಲ್ಕು ನೂರು ಮನೆಯವರ ದಾರಿಯನ್ನೂ ಒಬ್ಬ ಹೆಂಗಸಿನ ಅರವತ್ತು ವರ್ಷವನ್ನೂ ತೂಗಿ ನೋಡುವ ತಕ್ಕಡಿ ನನ್ನ ಹತ್ತಿರ ಇರಲಿಲ್ಲ. "ಸರಿ, ಹಿಡಿ ಹಾಗಾದ್ರೆ," ಅಂದು ಕನ್ನಡಿಯ ಒಂದು ತುದಿ ಹಿಡಿದೆ. ಅವಳು ಏಳಲಿಲ್ಲ. ದೂರದಲ್ಲಿ, ಬೆಟ್ಟದ ಬದಿಯಿಂದ, ನಡಿಗೆಯವರ ಡೋಲಿನ ಸದ್ದು ಆಗಲೇ ಕೇಳತೊಡಗಿತ್ತು.

ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಮಿಸೆಸ್ ಟೂಮಿ. ಹಬ್ಬದ ಕೋಟು, ತಲೆಗೆ ಸ್ಕಾರ್ಫು. ಮಂಡಿಯ ತನಕ ಕೆಸರು, ಒಂದು ಕಾಲಲ್ಲಿ ಬೂಟಿಲ್ಲ. ನಡಿಗೆ ನೋಡಲೆಂದು ಹೆದ್ದಾರಿಯ ಅಂಚಿನಲ್ಲಿ ಒಬ್ಬರೇ ಬಂದಿದ್ದರು. ಲಾರಿಗೆ ದಾರಿ ಬಿಡಲು ಹೋಗಿ ಚರಂಡಿಗೆ ಇಳಿದಿದ್ದರು. ಹೊಸ್ತಿಲ ಮೇಲೆ, ಗೋಡೆ ಹಿಡಿದು, ಉಸಿರಿಗಾಗಿ ನಿಂತರು.

"ಒಳಗೋ, ಹೊರಗೋ?" ನೋನಿಯ ಬಾಯಿಗೆ ರೂಢಿಯಲ್ಲಿ ತಾನಾಗಿ ಬಂತು.

"ಹೊರಗೆ ಕಣಮ್ಮ, ಹೊರಗಿನವಳೇ," ಅಂದರು ಮುದುಕಿ. "ಹೊರಗಿನವರಿಗೆ ಒಂದು ಕುರ್ಚಿ ಇದ್ಯಾ? ಬೇಕಾದ್ರೆ ಮಿಯಾಂವ್ ಅಂತೀನಿ."

ನೋನಿ ತಟ್ಟನೆ ಎದ್ದಳು. ಅವರನ್ನು ಎರಡೂ ತೋಳಲ್ಲಿ ಹಿಡಿದು ತಂದು ತನ್ನ ಕುರ್ಚಿಯಲ್ಲಿ ಕೂರಿಸಿದಳು. ನೀಲಿ ಟವೆಲ್ಲು ತಂದು ಬಗ್ಗಿ ಅವರ ಕಾಲು ಒರೆಸಿದಳು. ಆಮೇಲೆ ಟವೆಲ್ಲು ಎಸೆದು ಸುತ್ತಿಗೆ ಎತ್ತಿಕೊಂಡಳು. "ವರಿ, ಕನ್ನಡಿ ಆಚೆಗೆ ಸರಿಸೇ. ಇನ್ನೂ ಎಂಟು ಇಟ್ಟಿಗೆ ಇದೆ!"

ಡೋಲು ಹತ್ತಿರವಾಗುತ್ತಿತ್ತು. ನಾನು ಕೀಳುವುದು, ಅವಳು ಬಡಿಯುವುದು. ಮಿಸೆಸ್ ಟೂಮಿ ಕುರ್ಚಿಯಿಂದಲೇ "ಎಡಕ್ಕೆ! ಎಡಕ್ಕೆ ಹಾಕು!" ಅಂತ ಹುರಿದುಂಬಿಸುವುದು. ಕೊನೆಯ ಇಟ್ಟಿಗೆ ಹೊರಗೆ ಬಿದ್ದಾಗ ಅದು ಜಾರ್ಲತ್ ಕ್ವಿರ್ಕನ ಬೂಟಿನ ಮುಂದೆಯೇ ಬಿತ್ತು. ಅವನ ಹಿಂದೆ ಇನ್ನೂರು ಜನ. ಕೆಸರು ಮೆತ್ತಿದ ಪ್ಯಾಂಟುಗಳು, ಬೇಲಿಗೆ ಸಿಕ್ಕಿ ಹರಿದ ತೋಳುಗಳು, ಅಕಾರ್ಡಿಯನ್ನು, ಡೋಲು. ನಮ್ಮ ಬಡಾವಣೆಯ ಮಲಯಾಳಿ ನರ್ಸುಗಳು, ಮಾಂಸದ ಕಾರ್ಖಾನೆಯ ಬ್ರೆಜಿಲಿನವರು, ಎಲ್ಲರೂ ಇದ್ದರು. ಒಂದು ಬದಿಯಲ್ಲಿ, ಕೈ ಕಟ್ಟಿಕೊಂಡು, ಫಿಂಟನ್ ವಾಲ್.

ಗೋಡೆಯಲ್ಲಿ ಹಿಂದೆ ಇಲ್ಲದಿದ್ದ ಕಡೆ ಕಿಟಕಿ ಕಂಡು ಡೋಲು ನಿಂತುಹೋಯಿತು. ನೋನಿ ಗಾರೆಯ ಬಿಳಿಪುಡಿ ಮೆತ್ತಿದ ಮುಖವನ್ನು ಹೊರಹಾಕಿದಳು.

"ಫಿಂಟನ್! ಕಲ್ಲು ಬೇಕು ಅಂದ್ಯಲ್ಲ? ಬಾ ಇಲ್ಲಿ. ಕನ್ನಡಕ ಹಾಕ್ಕೊಂಡು ನೋಡು."

ಅವನು ಬಂದ, ಕಿಟಕಿಯಿಂದ ಬಗ್ಗಿ ನೋಡಿದ. ಗೆರೆಯ ಮೇಲೆ ಬೆರಳಾಡಿಸಿದ. ಈ ಕಡೆಯ ಅಕ್ಷರ ನೋಡಿದ, ಆ ಕಡೆಯ ಅಕ್ಷರ ನೋಡಿದ. ಕೋಣೆಯೊಳಗೆ, ಒಲೆಯ ಕಡೆಗೆ ನೋಡಿದ. ಮಂಚದ ಕತೆ ಅವನಿಗೂ ಬಾಯಿಪಾಠ. ನಿಧಾನಕ್ಕೆ ಅವನ ಹುಬ್ಬು ಮೇಲೇರಿತು. ಈಗ ಇವನು ನಗುತ್ತಾನೆ, ನಕ್ಕರೆ ಸುತ್ತಿಗೆಯಿಂದ ನಾನೇ ಬಿಡುತ್ತೇನೆ ಅಂದುಕೊಂಡೆ.

ಅವನು ನಗಲಿಲ್ಲ. "ನೋನಿ," ಅಂದ ಸಣ್ಣ ದನಿಯಲ್ಲಿ, "ಕಲ್ಲು ಕಂಡೆ. ಅಕ್ಷರ ನಂಗೆ ಸರಿಯಾಗಿ ಕಾಣ್ಲಿಲ್ಲ. ಇಷ್ಟು ಸಾಕು. ತಗೋ ಬೀಗದ ಕೈ."

ಆ ಮಾತು ಅವಳಿಗೆ ಎಲ್ಲಿ ತಾಗಿತೋ. ಕಣ್ಣು ತುಂಬಿ ಬಂತು. ಆದರೆ ಕೈ ಚಾಚಲಿಲ್ಲ. "ಕಿಟಕಿ ಹತ್ತಿರ ಸುಳ್ಳು ಹೇಳಬಾರ್ದು ಕಣೋ," ಅಂದಳು. ನನ್ನ ಕಡೆ ತಿರುಗಿ ನೀರಿನ ಲೋಟ ನನ್ನ ಕೈಗಿಟ್ಟಳು. "ನೀನು ಇಲ್ಲಿ ನಿಲ್ಲು ವರಿ. ನಾನು ನಡೀತೀನಿ."

"ಕಿಟಕಿ ಕಾಯೋರು ಬಿಡೋ ಹಾಗಿಲ್ಲ," ಅಂತ ಜಾರ್ಲತ್ ಪುಸ್ತಕ ಎತ್ತಿದ.

"ಮುಚ್ಚೋ ಬಾಯಿ! ನಾನು ಕಾದ ಕಿಟಕಿ ಪುಸ್ತಕದ್ದೇ ಆಗಿರ್ಲಿಲ್ಲ!"

ಅವಳು ಬಾಗಿಲಿನಿಂದ ಹೊರಗೋಡಿ, ಮನೆ ಸುತ್ತಿ, ಜನರ ನಡುವೆ ದಾರಿ ಬಿಡಿಸಿಕೊಂಡು ಕಿಟಕಿಯ ಕೆಳಗೆ ಬಂದಳು. ಫಿಂಟನ್ ಎರಡು ಕೈ ಕೂಡಿಸಿ ಮೆಟ್ಟಿಲು ಮಾಡಿ ಹಿಡಿದ. ಅದರ ಮೇಲೆ ಕಾಲಿಟ್ಟು ಹತ್ತಿದಳು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ತಲೆಗೂದಲು ಇನ್ನೂ ಅಲುಗದೆ. ನಾನು ಲೋಟ ಎತ್ತಿ ಹಿಡಿದೆ. ಐದು ತಲೆಮಾರಿನ ಹ್ಯಾಕೆಟರ ಪ್ರಶ್ನೆಯನ್ನು, ಎಲ್ಲಿಂದಲೋ ಬಂದ ನಾನು ಕೇಳಬೇಕಾಗಿತ್ತು.

"ಒಳಗೋ? ಹೊರಗೋ?"

"ಹೊರಗೆ!" ಅಂತ ಊರು ಕೇಳುವ ಹಾಗೆ ಕೂಗಿದಳು ನೋನಿ. "ಹುಟ್ಟಿದ್ದೇ ಹೊರಗೆ! ಎರಡು ಮೊಳ ಹೊರಗೆ! ಹುಯ್ಯೇ, ಏನ್ ನೋಡ್ತಿದೀಯ!"

ಹುಯ್ದೆ. ಪೂರ್ತಿ ಲೋಟ, ನೆತ್ತಿಯ ಮೇಲೆಯೇ. ನಲವತ್ತು ವರ್ಷ ಊರಿನವರ ತಲೆ ಸೆಟ್ ಮಾಡಿದವಳ ಕೂದಲು ಒದ್ದೆಯಾಗಿ ಕಣ್ಣಿಗಿಳಿಯಿತು. ಅವಳು ಕಿರುಚಿದಳು, ಆಮೇಲೆ ನಕ್ಕಳು. ಕುರ್ಚಿಯಲ್ಲಿ ಕೂತ ಮಿಸೆಸ್ ಟೂಮಿ ಮೆಲ್ಲಗೆ "ಮಿಯಾಂವ್" ಅಂದರು. ಇನ್ನೂರು ಜನರ ನಗೆ ಒಂದೇ ಸಲ ಸಿಡಿಯಿತು. ನೋನಿ ಫಿಂಟನ್ನನ ಕೈಯಿಂದ ಬೀಗದ ಕೈ ಕಿತ್ತುಕೊಂಡು, ಒಳಗೆ ಧುಮುಕಿ, ಪಾರ್ಲರ್ ದಾಟಿ, ಆಚೆ ಬಾಗಿಲಿನಿಂದ ತೊರೆಯ ದಾರಿಗೆ ಓಡಿದಳು. ಗೇಟು ಕಿರ್ರೆಂದದ್ದು ನಾನು ನಿಂತಲ್ಲಿಗೇ ಕೇಳಿಸಿತು.

ಮುಂದಿನವನು ಫಿಂಟನ್. ಹೊರಗೆ ಅಂದ, ನೀರು ಹುಯ್ಯಿಸಿಕೊಂಡ, "ಈ ಸಲ ಲೋಟದಲ್ಲೇ ಮುಗೀತು" ಅಂದು ಅವಳ ಹಿಂದೆ ಹೋದ. ಅವನ ಹಿಂದೆ ಶಾಲೆಯ ಟೀಚರು, ಅಪ್ಪಟ ಟಿಪರರಿಯವಳು. ಕಟ್ಟೆಯ ಮೇಲೆ ಕೂತು, ಗೇಟಿನ ಕಡೆ ಒಮ್ಮೆ ನೋಡಿ, "ಹೊರಗೆ" ಅಂದಳು. ಅಂಚೆಯವನೂ ಹೊರಗೆ ಅಂದ. ಔಷಧಿ ಅಂಗಡಿಯವನು, ಅವನ ಹೆಂಡತಿ, ಡೋಲಿನವನು, ಎಲ್ಲರೂ ಹೊರಗೆ, ಹೊರಗೆ. ನೀರು ಸಾಲದೆ ನಾನು ತಲೆ ತೊಳೆಯುವ ಬೇಸಿನ್ನಿನಿಂದ ತುಂಬಿ ತುಂಬಿ ಹುಯ್ದೆ. ನನ್ನ ಕಣ್ಣಲ್ಲೂ ನೀರು, ಯಾವುದು ಎಲ್ಲಿಯದೋ. ಕೊನೆಗೆ ಜಾರ್ಲತ್ ಕ್ವಿರ್ಕ್ ಹತ್ತಿದ. ಪುಸ್ತಕವನ್ನು ಒದ್ದೆಯಾಗದಂತೆ ಅಂಗಿಯೊಳಗೆ ಸೇರಿಸಿಕೊಂಡ, ಅಧ್ಯಕ್ಷರ ಸರ ಸರಿಮಾಡಿಕೊಂಡ, ಆಕಾಶ ನೋಡಿದ.

"ಹೊರಗೆ," ಅಂದ. "ಇವತ್ತೊಂದಿನ ಮಾತ್ರ."

ಬ್ರ್ಯಾಕ್ ಒಂದು ಹೋಳೂ ಖರ್ಚಾಗಲಿಲ್ಲ. ಮರುದಿನ ಬೆಳಗ್ಗೆ ನೋನಿ ತಟ್ಟೆಯನ್ನು ಆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ತೊರೆಯ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳು ಎಂಟೂವರೆಯೊಳಗೆ ಖಾಲಿ ಮಾಡಿದರು.